ಗೋಡೆಯ ಕಡೆ

ಮಕ್ಕಳ ಕೆಲಸವನ್ನು ಹೊಗಳಿದರೆ ಕೈ ಕೆಡುತ್ತದೆ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಗೊತ್ತಿಲ್ಲ, ಹಾಸಿಗೆಯಮ್ಮ ಮಾತ್ರ ಅದನ್ನು ನಂಬಿಕೊಂಡೇ ಬಾಳು ಮುಗಿಸುವ ಹಂತಕ್ಕೆ ಬಂದಿದ್ದಳು. ಬೇರೆಯವರ ವಿಷಯದಲ್ಲಿ ಈ ಕಟ್ಟುನಿಟ್ಟು ಇರಲಿಲ್ಲ. ಎದುರು ಮನೆಯ ಹುಡುಗಿ ಎರಡು ಸಾಲು ಹಾಡಿದರೆ ಏನು ಕಂಠವಪ್ಪಾ ಅನ್ನುವಳು. ಹಾಲು ಚೆಲ್ಲಿ ಓಡಿಹೋದ ಬೆಕ್ಕಿಗೂ ಜಾಣೆ ಎಂಬ ಬಿರುದು ಸಿಕ್ಕಿತ್ತು. ಮಗಳ ಪಾಲಿಗೆ ಇದ್ದದ್ದು ಮೂರೇ ಮಾತು. ಹೊಲಿಗೆ ಸರಿಯಿಲ್ಲದಿದ್ದರೆ "ಬಿಚ್ಚು". ಹಾಗೂ ಹೀಗೂ ಇದ್ದರೆ "ಇರಲಿ ಬಿಡು". ಎಲ್ಲೂ ಬೆರಳಿಟ್ಟು ತೋರಿಸಲು ಜಾಗವಿಲ್ಲದಷ್ಟು ನೆಟ್ಟಗಿದ್ದರೆ "ಹೂಂ". ಆ "ಹೂಂ" ಕೂಡ ಬಾಯಿಬಿಟ್ಟು ಹೇಳಿದ್ದಲ್ಲ, ಮೂಗಿನಲ್ಲೇ ಮುಗಿದುಹೋಗುತ್ತಿತ್ತು. ಮಗಳಿಗೆ ಐವತ್ತು ದಾಟಿತು, ಅವಳ ಮಗಳು ಸಂಬಳ ತರುವಂತಾದಳು, ಆದರೂ ಅಮ್ಮನ ಬಾಯಲ್ಲಿ "ಚೆನ್ನಾಗಿದೆ" ಎಂಬ ಒಂದು ಮಾತು ಕೇಳಬೇಕು ಎಂಬ ಆಸೆ ಅವಳನ್ನು ಬಿಟ್ಟಿರಲಿಲ್ಲ. ನಾಚಿಕೆಗೇಡೇ ಸರಿ. ಆದರೆ ಆಸೆಗೆ ತನ್ನ ವಯಸ್ಸು ಗೊತ್ತಾಗಬೇಕಲ್ಲ.

ಅಂಗಡಿ ಎಂದರೆ ಬೀದಿಗೆ ಬಾಯಿ ತೆರೆದ ಒಂದು ಕೋಣೆ. ಅದರ ಹಿಂದಿನ ಇನ್ನೊಂದು ಕೋಣೆಯೇ ಮನೆ. ಒಂದು ಪಕ್ಕದಲ್ಲಿ ಸೈಕಲ್ ರಿಪೇರಿ, ಇನ್ನೊಂದು ಪಕ್ಕದಲ್ಲಿ ಔಷಧದ ಅಂಗಡಿ. ಹತ್ತಿಯ ನವಿರೆಲ್ಲ ಬಂದು ತನ್ನ ಗಾಜಿನ ಮೇಲೆ ಕೂರುತ್ತದೆಂದು ಔಷಧದಂಗಡಿಯವನಿಗೆ ಸದಾ ತಕರಾರು. ಆದರೆ ಅವನ ಬೆನ್ನುನೋವಿಗೆ ಅವನದೇ ಅಂಗಡಿಯ ಯಾವ ಮಾತ್ರೆಯೂ ನಾಟದೆ, ಕೊನೆಗೆ ಹಾಸಿಗೆಯಮ್ಮನ ಹಾಸಿಗೆಯೇ ಗತಿಯಾಗಿದ್ದರಿಂದ ತಕರಾರು ಗೊಣಗಾಟದಲ್ಲೇ ನಿಂತಿತು. ಜನ ವರ್ಷಗಟ್ಟಲೆ ಮಲಗಿ ಮಲಗಿ ಚಪ್ಪಟೆ ಮಾಡಿದ ಹಾಸಿಗೆಗಳನ್ನು ಸುರುಳಿ ಸುತ್ತಿ ತಂದು ಹಾಕುವರು. ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿ, ಕೋಲಿನಿಂದ ಬಡಿದು, ಬೀದಿಯ ಕೊನೆಯಲ್ಲಿರುವ ಹಿಂಜುವ ಯಂತ್ರಕ್ಕೆ ಕೊಟ್ಟು ತಂದು, ಒಗೆದ ಚೀಲಕ್ಕೆ ಮತ್ತೆ ತುಂಬಿ, ದಬ್ಬಣದಿಂದ ಅಂಚು ಹೊಲಿದು, ನಡುನಡುವೆ ದಾರದ ಗಂಟು ಹಾಕಿದರೆ ಹಾಸಿಗೆ ಇನ್ನೊಂದು ಜನ್ಮ ಎತ್ತಿತು ಎಂದು ಲೆಕ್ಕ. ಸಂಜೆಯ ಹೊತ್ತಿಗೆ ತಾಯಿ ಮಗಳಿಬ್ಬರ ಹುಬ್ಬು, ರೆಪ್ಪೆ, ತಲೆ ಎಲ್ಲ ಬೆಳ್ಳಗಾಗಿರುತ್ತಿತ್ತು. ಹೊಸದಾಗಿ ಬಂದ ಗಿರಾಕಿಗಳು ಅಕ್ಕತಂಗಿಯರೆಂದುಕೊಳ್ಳುತ್ತಿದ್ದರು. ಹಾಸಿಗೆಯಮ್ಮ ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ಮಗಳು ತಪ್ಪದೆ ತಿದ್ದುತ್ತಿದ್ದಳು.

ಅವಳೇನು ಹುಟ್ಟುತ್ತಲೇ ಹಾಸಿಗೆಯಮ್ಮನಾಗಿರಲಿಲ್ಲ. ಹುಡುಗಿಯಾಗಿದ್ದಾಗ ನೂಲಿನ ಗಿರಣಿಯಲ್ಲಿ ನೆಲ ಗುಡಿಸುವ ಕೆಲಸಕ್ಕಿದ್ದಳು. ಗಿರಣಿಯಲ್ಲಿ ಉಳಿದ ಹತ್ತಿ ಕೊಳ್ಳಲು ಹಾಸಿಗೆ ಹೊಲಿಯುವವನೊಬ್ಬ ಬರುತ್ತಿದ್ದ, ಬರಬರುತ್ತ ಬೇಕಾದ್ದಕ್ಕಿಂತ ಹೆಚ್ಚು ಸಲ ಬರತೊಡಗಿದ. ಇಷ್ಟೊಂದು ಹತ್ತಿ ಏನು ಮಾಡುತ್ತೀಯ ಎಂದು ಇವಳು ಕೇಳಿದ್ದಕ್ಕೆ ಉತ್ತರ ಹೊಳೆಯದೆ ಮದುವೆಯ ಮಾತೆತ್ತಿಬಿಟ್ಟನಂತೆ. ಈ ಕತೆ ಹೇಳುವಾಗಲೆಲ್ಲ ಅವಳು ಅವನ ಪೆದ್ದುತನಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿರಲಿಲ್ಲ. ಒಳ್ಳೆಯ ಮನುಷ್ಯ ಅವನು. ಹತ್ತಿಯ ಧೂಳು ಎದೆಗೆ ಕೂತು, ಕೆಮ್ಮಿ ಕೆಮ್ಮಿ ಸೊರಗಿ, ಮಗಳು ಶಾಲೆಯ ಮುಖ ನೋಡುವ ಮೊದಲೇ ಹೋಗಿಬಿಟ್ಟ.

ಅಂಗಡಿ ಮಾರಿಬಿಡು ಎಂದು ನೆಂಟರೆಲ್ಲ ಹೇಳಿದರು. ಹೇಳುವುದಕ್ಕೆ ನೆಂಟರಿಗೇನು ಖರ್ಚು? ಅವಳಿಗೆ ಆಗ ಹಾಸಿಗೆ ಹೊಲಿಯಲು ಬರುತ್ತಿರಲಿಲ್ಲ ಎಂಬುದೂ ನಿಜವೇ. ಗಂಡ ಹೊಲಿಯುವಾಗ ದಾರ ಹಿಡಿದು ಕೂತದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅವಳು ಮಾಡಿದ್ದು ಇಷ್ಟು. ಮೊದಲು ಮನೆಯ ಹಾಸಿಗೆಯನ್ನೇ ಬಿಚ್ಚಿದಳು, ಅದು ಅವನು ಹೊಲಿದದ್ದು. ದಾರ ಎಲ್ಲಿ ಒಳಗೆ ಹೋಗಿದೆ, ಎಲ್ಲಿ ಹೊರಗೆ ಬಂದಿದೆ, ಮೂಲೆಯಲ್ಲಿ ಬಟ್ಟೆಯನ್ನು ಹೇಗೆ ಮಡಚಿದ್ದಾನೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಒಂದೊಂದೇ ಹೊಲಿಗೆ ಬಿಚ್ಚಿ, ಅದೇ ದಾರಿಯಲ್ಲಿ ಮತ್ತೆ ಹೊಲಿದಳು. ಆಮೇಲೆ ಅವನ ಹಾಸಿಗೆಗಳಿದ್ದ ಮನೆಗಳ ಬಾಗಿಲಿಗೆ ಹೋಗಿ, ಕೂಲಿ ಬೇಡ, ಹೊಸದಾಗಿ ಮಾಡಿಕೊಡುತ್ತೇನೆ ಎಂದು ಕೇಳಿ ತಂದಳು. ಸತ್ತವನ ಕೈಯಿಂದ ಕಸುಬು ಕಲಿಯಬೇಕಾದರೆ ಅವನ ಕೆಲಸವನ್ನು ಅಳಿಸುತ್ತಲೇ ಹೋಗಬೇಕು, ಬೇರೆ ದಾರಿಯಿಲ್ಲ. ಅವಳ ಕೈ ಪಳಗುವ ಹೊತ್ತಿಗೆ ಅವನು ಹೊಲಿದದ್ದು ಎಲ್ಲೂ ಒಂದೂ ಉಳಿದಿರಲಿಲ್ಲ.

ಹಾಸಿಗೆ ಬಿಚ್ಚುವವರಿಗೆ ಬೀದಿಯ ಗುಟ್ಟೆಲ್ಲ ಗೊತ್ತಾಗುತ್ತದೆ. ಗಂಡನ ಕಡೆ ಆಳವಾದ ತಗ್ಗು, ಹೆಂಡತಿಯ ಕಡೆ ಅಂಚಿನಲ್ಲಿ ಒಂದು ಗೆರೆ, ನಡುವೆ ಕೈಯೂರಿದರೂ ಬಗ್ಗದ ದಿಬ್ಬ. ಇವರಿಬ್ಬರಿಗೂ ಮಾತಿಲ್ಲ ಎಂದು ಹಾಸಿಗೆಯಮ್ಮ ಮಗಳ ಕಿವಿಯಲ್ಲಿ ಉಸುರುವಳು. ಹೊರಗೆ ಮಾತ್ರ ಬಾಯಿಗೆ ಬೀಗ. ಅದೇ ದಂಪತಿಯ ಹಾಸಿಗೆ ಕೆಲವು ವರ್ಷಗಳ ಮೇಲೆ ಮತ್ತೆ ಬಂದಾಗ ದಿಬ್ಬ ಮಾಯವಾಗಿ, ನಟ್ಟನಡುವೆ ಒಂದೇ ಒಂದು ಗುಳಿ ಇತ್ತು. ಅವತ್ತು ಹಾಸಿಗೆಯಮ್ಮ ಎಲ್ಲಿಲ್ಲದ ಖುಷಿಯಲ್ಲಿ ಒಂದು ಹಿಡಿ ಹತ್ತಿ ಜಾಸ್ತಿಯೇ ತುಂಬಿದಳು. ಮಗಳೂ ಈ ವಿದ್ಯೆ ಕಲಿತಳು. ಅಂಗೈಯಿಟ್ಟು ಒಂದು ಸಲ ಒತ್ತಿದರೆ ಸಾಕು, ಯಾರು ಒಂಟಿ, ಯಾರ ಮನೆಯಲ್ಲಿ ಮಗು ನಡುವೆ ಮಲಗುತ್ತದೆ, ಯಾರು ಕಾಯಿಲೆ ಬಿದ್ದು ಒಂದೇ ಮಗ್ಗುಲಲ್ಲಿದ್ದಾರೆ ಎಂದು ಹೇಳಬಲ್ಲಳು. ಹೇಳಿದ್ದು ಸರಿಯಾಗಿದ್ದರೆ ಅಮ್ಮ "ಹೂಂ" ಅನ್ನುವಳು.

ಮನೆಯಲ್ಲಿ ಇವರಿಬ್ಬರಿಗೂ ಇದ್ದದ್ದು ಒಂದೇ ಹಾಸಿಗೆ, ಗೋಡೆಗೆ ತಾಗಿಸಿ ಹಾಕಿದ ಮರದ ಮಂಚದ ಮೇಲೆ. ಬಾಗಿಲ ಕಡೆ ಅಮ್ಮ, ಗೋಡೆಯ ಕಡೆ ಮಗಳು. ಮಗಳು ನಿದ್ದೆಯಲ್ಲಿ ಒದೆಯುವ ಜಾತಿ. ಬೆಳಿಗ್ಗೆ ಎದ್ದು ಅಮ್ಮ ಸೊಂಟ ಉಜ್ಜಿಕೊಳ್ಳುತ್ತ, ಕತ್ತೆ ಕಟ್ಟಿಕೊಂಡು ಮಲಗಿದ ಹಾಗಾಯಿತು ಎಂದು ಬೈಯುವಳು. ಹುಡುಗಿ ಬೆಳೆದು ದೊಡ್ಡವಳಾಗಿ, ಅಂಗಡಿಯಲ್ಲಿ ಸಮಸಮ ದುಡಿದು, ಮದುವೆಯಾಗುವವರೆಗೂ ಅದೇ ಗೋಡೆ, ಅದೇ ಬೈಗುಳ. ಬಸ್ ಓಡಿಸುವ ಹುಡುಗನಿಗೆ ಕೊಟ್ಟು ಮದುವೆ ಮಾಡಿದ್ದಾಯಿತು. ಅವನ ಮನೆ ಎರಡು ಬೀದಿಯಾಚೆ. ಮಗಳನ್ನು ಕಳಿಸುವಾಗ ತಾಯಂದಿರು ಅಳುವುದುಂಟು. ಹಾಸಿಗೆಯಮ್ಮ ಅಳಿಯನನ್ನು ಪಕ್ಕಕ್ಕೆ ಕರೆದು, ಇವಳು ಒದೆಯುತ್ತಾಳೆ, ಹುಷಾರು ಎಂದಷ್ಟೇ ಹೇಳಿದಳು. ಕೆಲವೇ ದಿನಕ್ಕೆ ಮಗಳು ಎಂದಿನಂತೆ ಅಂಗಡಿಗೆ ಬಂದು ದಬ್ಬಣ ಹಿಡಿದಳು. ರಾತ್ರಿ ಮಾತ್ರ ಗಂಡನ ಮನೆ. ಮುಂದೆ ಮಗುವಾದ ಮೇಲೆ ಆ ಮಗುವನ್ನೂ ಮಧ್ಯಾಹ್ನದ ಹೊತ್ತು ಅದೇ ಗೋಡೆಯ ಕಡೆ ಮಲಗಿಸಿ ಇಬ್ಬರೂ ಹೊರಗೆ ಕೆಲಸ ಮಾಡುವರು. ಮೊಮ್ಮಗಳು ಅಜ್ಜಿಯ ಮಡಿಲಲ್ಲಿ ಬೆಳೆದಳು ಎಂದು ಜನ ಹೇಳುತ್ತಿದ್ದರು. ಬೆಳೆದದ್ದು ಹಾಸಿಗೆಯ ಮೇಲೆ. ಅಜ್ಜಿಯ ಮಡಿಲಲ್ಲಿ ಸದಾ ಹತ್ತಿ ಇರುತ್ತಿತ್ತು.

ಆಮೇಲೆ ಸ್ಪಂಜಿನ ಹಾಸಿಗೆ ಬಂತು. ದೊಡ್ಡ ರಸ್ತೆಯಲ್ಲಿ ಗಾಜಿನ ಅಂಗಡಿ, ಒಳಗೆ ತಣ್ಣನೆಯ ಗಾಳಿ, ಮಲಗಿ ನೋಡಿ ಎಂದು ಕರೆಯುವ ಟೈ ಕಟ್ಟಿದ ಹುಡುಗರು. ಹಾಸಿಗೆಯಮ್ಮ ಒಂದು ದಿನ ಹೋಗಿ ಒತ್ತಿ ನೋಡಿ ಬಂದಳು. ಪಾತ್ರೆ ಉಜ್ಜುವುದರ ಮೇಲೆ ಮಲಗುತ್ತಾರಂತೆ ಎಂದು ಸೈಕಲ್ ರಿಪೇರಿಯವನಿಗೆ ವರದಿ ಒಪ್ಪಿಸಿದಳು. ವರದಿಯಿಂದೇನೂ ಪ್ರಯೋಜನವಾಗಲಿಲ್ಲ. ಗಿರಾಕಿಗಳು ಕಮ್ಮಿಯಾದರು. ಬೆನ್ನು ಹಿಡಿದುಕೊಂಡವರು, ಹಳಬರು, ಹಟದವರು ಉಳಿದರು. ಅಷ್ಟರಲ್ಲೇ ಅಂಗಡಿ ನಡೆಯಿತು.

ಇಷ್ಟೆಲ್ಲ ಜನರ ಹಾಸಿಗೆಗೆ ಮರುಜನ್ಮ ಕೊಟ್ಟವಳು ತನ್ನದನ್ನು ಮಾತ್ರ ಆ ಮೊದಲ ಸಲದ ಮೇಲೆ ಮತ್ತೆ ಮುಟ್ಟಲಿಲ್ಲ. ಬಿಸಿಲಿಗೆ ಹಾಕುವಳು, ಕೋಲು ತಾಗಿಸುತ್ತಿರಲಿಲ್ಲ. ಹೊರಚೀಲ ಹರಿದಲ್ಲಿ ತೇಪೆ ಬಿತ್ತು, ತೇಪೆಯ ಮೇಲೆ ತೇಪೆ ಬಿತ್ತು, ಒಳಗಿನ ಹತ್ತಿ ಹಾಗೇ ಇತ್ತು. ಮಗಳು ದುಂಬಾಲು ಬಿದ್ದು ಕೇಳಿದಾಗಲೆಲ್ಲ ಒಂದೊಂದು ನೆಪ. ಗಿರಾಕಿಗಳದು ಮುಗಿಯಲಿ, ಚಳಿ ಕಳೆಯಲಿ, ಬಿಸಿಲು ಬರಲಿ. ನಾಲ್ಕು ಜನ ನೋಡಿದರೆ ನಗುತ್ತಾರಮ್ಮ ಎಂದು ಮಗಳು ಅಂದರೆ, ನಾಲ್ಕು ಜನ ನನ್ನ ಮಂಚಕ್ಕೆ ಯಾಕೆ ಬರುತ್ತಾರೆ ಎಂದು ಬಾಯಿ ಮುಚ್ಚಿಸುವಳು. ಸೋಮಾರಿತನ ಎಂದು ಮಗಳು ತೀರ್ಮಾನಿಸಿದಳು. ಆಮೇಲೆ ವಯಸ್ಸು ಎಂದು ತೀರ್ಮಾನಿಸಿದಳು.

ವಯಸ್ಸೇನೋ ಆಗಿತ್ತು. ಮಾಳಿಗೆಯಿಂದ ಹತ್ತಿಯ ಮೂಟೆ ಇಳಿಸುವಾಗ ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿ ಹಾಸಿಗೆಯಮ್ಮ ಕೂತ ಭಂಗಿಯಲ್ಲೇ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮೂಟೆ ಮೊದಲು ಬಿದ್ದು ಅದರ ಮೇಲೆ ತಾನು ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಲೆಕ್ಕ ತಪ್ಪಿತು ಎಂದು ಆಸ್ಪತ್ರೆಯ ಗಾಡಿಯಲ್ಲೂ ಗೊಣಗುತ್ತಿದ್ದಳು. ಮೊಮ್ಮಗಳು ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಅಜ್ಜಿಯ ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, ಒಳಗೂ ಹತ್ತಿಯೇ ತುಂಬಿದೆಯಲ್ಲಜ್ಜಿ ಎಂದು ನಗಿಸಿದಳು. ಹೊರಗೆ ಬಂದು ತನ್ನ ಅಮ್ಮನಿಗೆ ನಿಜ ಹೇಳಿದಳು. ಮೂಳೆ ಕೂಡಿಸುತ್ತಾರೆ, ಅಜ್ಜಿ ನಡೆದರೂ ನಡೆಯಬಹುದು, ಆದರೆ ಇನ್ನು ಹೆಚ್ಚು ಹೊತ್ತು ಹಾಸಿಗೆಯ ಮೇಲೇ.

ಹಾಸಿಗೆಯ ಮೇಲೇ ಎಂಬ ಮಾತು ಮಗಳ ತಲೆಯಲ್ಲಿ ಕೂತುಬಿಟ್ಟಿತು. ಯಾವ ಹಾಸಿಗೆ? ಆ ಕಲ್ಲಿನಂಥ, ತೇಪೆಯ ಹಾಸಿಗೆಯೇ? ಆಪರೇಷನ್ ಆಗಿ ಅಮ್ಮ ಆಸ್ಪತ್ರೆಯಲ್ಲಿರುವಷ್ಟರಲ್ಲಿ ಅದನ್ನು ಮಾಡಿ ಮುಗಿಸಬೇಕು, ಈ ಸಲ ಬೇಡ ಅನ್ನಲು ಅವಳು ಎದುರಿಗಿಲ್ಲ. ಅಮ್ಮನಿಗೆ ಮೈ ನೋಯಬಾರದು ಎಂಬುದು ಒಂದು. ಇನ್ನೊಂದನ್ನು ಮಗಳು ಯಾರಿಗೂ ಹೇಳಲಿಲ್ಲ. ಹಾಸಿಗೆಯಮ್ಮನೇ ಮಲಗುವ ಹಾಸಿಗೆ ಹೊಲಿದು, ಅದರಲ್ಲಿ ಅವಳು ತಪ್ಪು ಹುಡುಕಲಾಗದಿದ್ದರೆ, ಆಗಲಾದರೂ ಆ ಮಾತು ಬಂದೀತು.

ಗಂಡನಿಂದ ಹಾಸಿಗೆಯನ್ನು ಅಂಗಡಿಗೆ ಹೊರಿಸಿ ನೆಲಕ್ಕೆ ಹಾಸಿದಳು. ರಜೆ ಹಾಕಿ ಬಂದ ಮೊಮ್ಮಗಳು ಕತ್ತರಿ ಹಿಡಿದು ಕೂತಳು. ಬಾಗಿಲ ಕಡೆ ಅಮ್ಮನ ಉದ್ದನೆಯ ತಗ್ಗು, ಅದು ಗೊತ್ತಿದ್ದದ್ದೇ. ಗೋಡೆಯ ಕಡೆಯೂ ಒಂದು ಗುಳಿಯಿತ್ತು, ಕಾಲು ಮಡಚಿ ಮಲಗಿದವರಷ್ಟು ಚಿಕ್ಕದು. ಇಲ್ಲಿ ಯಾರು ಮಲಗುತ್ತಾರೆ ಎಂದು ಮೊಮ್ಮಗಳು ಕೇಳಿದಳು. ಮಗಳು ಅಂಗೈಯಿಟ್ಟು ಒಂದು ಸಲ ಒತ್ತಿದಳು. ಯಾರೂ ಇಲ್ಲ, ಹತ್ತಿ ಸತ್ತಿದೆ ಎಂದಳು. ಕೆಲಸ ಮುಗಿಸುವ ಅವಸರದಲ್ಲಿದ್ದಳು. ಮೊಮ್ಮಗಳ ಕೈಯಿಂದ ಕತ್ತರಿ ತೆಗೆದುಕೊಂಡು ಅಂಚಿಗೆ ಹಾಕಿದಳು.

ಹಿಂಜುವ ಯಂತ್ರದವನು ಆ ಹತ್ತಿ ನೋಡಿ, ಯಾರ ಮನೆಯದು ಇದು, ಗೋಡೆ ಕಟ್ಟಬಹುದಲ್ಲ ಎಂದ. ಹಾಸಿಗೆಯಮ್ಮನದು ಎಂದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಮಗಳು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು. ಒಳ್ಳೆಯ ಪಟ್ಟೆಬಟ್ಟೆ ತಂದು ಚೀಲ ಹೊಲಿದಳು. ಹಳೆಯ ಹತ್ತಿಗೆ ಹೊಸದನ್ನು ಬೆರೆಸಿ, ಮೂಲೆಗಳಿಗೆ ಬೆರಳಿನಿಂದ ತುರುಕಿ, ನಡು ಉಬ್ಬದಂತೆ ಅಂಚು ಸೊರಗದಂತೆ ತುಂಬಿದಳು. ಒಂದು ಸಾಲು ಹೊಲಿಗೆ ಕೂದಲೆಳೆಯಷ್ಟು ಓರೆಯಾದಂತೆ ಕಂಡಿತು. ಅಮ್ಮ ಎದುರಿಗಿಲ್ಲದಿದ್ದರೂ "ಬಿಚ್ಚು" ಎಂದು ಕೇಳಿಸಿತು, ಬಿಚ್ಚಿದಳು. ಕಡೆಗೆ ಗಂಟುಗಳನ್ನೂ ಕಟ್ಟಿ ದೂರ ನಿಂತು ನೋಡಿದಾಗ, ಇಷ್ಟು ವರ್ಷದಲ್ಲಿ ತನ್ನ ಕೈಯಿಂದ ಇಂಥದೊಂದು ಆಗಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಅದು ನಿಜವೂ ಆಗಿತ್ತು.

ಹಾಸಿಗೆಯಮ್ಮನನ್ನು ಮನೆಗೆ ಕರೆತಂದದ್ದು ಒಂದು ಬೆಳಿಗ್ಗೆ. ಮಗಳ ಮನೆಗೆ ಬಾ ಎಂದರೆ ಜಪ್ಪಯ್ಯ ಅಂದರೂ ಒಪ್ಪದೆ ತನ್ನ ಕೋಣೆಗೇ ಬಂದಳು. ಅಳಿಯ ಒಂದು ಕಡೆ, ಮೊಮ್ಮಗಳು ಒಂದು ಕಡೆ ಹಿಡಿದು ಮಂಚದ ಮೇಲೆ ಕೂರಿಸಿದರು. ಕೂತವಳು ಕೂತಂತೆಯೇ ಒಂದು ಕ್ಷಣ ತಡೆದಳು. ಗೊತ್ತಾಯಿತು. ಮೆಲ್ಲಗೆ ಮಲಗಿ, ಕೈ ಚಾಚಿ ಪರೀಕ್ಷೆಗೆ ತೊಡಗಿದಳು. ಅಂಚಿನುದ್ದಕ್ಕೂ ಬೆರಳು ಓಡಿಸಿದಳು. ಮೂಲೆ ಹಿಂಡಿದಳು. ಮುಷ್ಟಿಯಿಂದ ಒತ್ತಿ, ಹತ್ತಿ ಮೇಲೇಳಲು ಎಷ್ಟು ಹೊತ್ತು ಬೇಕೆಂದು ನೋಡಿದಳು. ಒಂದು ಗಂಟು ಎಳೆದಳು. ಅಮ್ಮನ ಕೈ ಹಾಗೇ ಗೋಡೆಯ ಕಡೆಗೆ ಹೋಯಿತು, ಅಲ್ಲಿ ಅತ್ತಿಂದಿತ್ತ ಒಂದೆರಡು ಸಲ ಆಡಿ ನಿಂತಿತು.

"ಚೆನ್ನಾಗಿದೆ" ಎಂದಳು ಹಾಸಿಗೆಯಮ್ಮ.

ಮಗಳು ಅಂಗಡಿಗೆ ಬಂದು, ಯಾರಿಗೂ ಕಾಣದಂತೆ ಹತ್ತಿಯ ಮೂಟೆಗಳ ಹಿಂದೆ ಕೂತು ಅತ್ತಳು. ಖುಷಿಗೇ ಅತ್ತದ್ದು. ಸಂಜೆ ಗಂಡನಿಗೆ ಹೇಳಿದಳು. ಸೈಕಲ್ ರಿಪೇರಿಯವನಿಗೂ ಹೇಳಿದಳು. ಹೇಳುವ ಅಗತ್ಯವೇ ಇಲ್ಲದ ಔಷಧದಂಗಡಿಯವನಿಗೂ ಹೇಳಿದಳು.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಹಾಸಿಗೆಯಮ್ಮ ನಿದ್ದೆ ಮಾಡುತ್ತಿರಲಿಲ್ಲ. ಅವಳನ್ನು ನೋಡಿಕೊಳ್ಳಲು ರಾತ್ರಿಯೂ ಅಲ್ಲೇ ಉಳಿದು ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ ಮಗಳಿಗೆ, ಅಮ್ಮ ಕಣ್ಣು ಬಿಟ್ಟುಕೊಂಡೇ ಇರುವುದು ತಿಳಿಯುತ್ತಿತ್ತು. ಹಗಲು ಜೊಂಪು ಹತ್ತಿದರೂ ತಟ್ಟನೆ ಎಚ್ಚರಾಗಿ ಗೋಡೆಯ ಕಡೆ ಕೈಯಾಡಿಸುವಳು. ನೋವಿರಬೇಕೆಂದು ಡಾಕ್ಟರು ಮಾತ್ರೆ ಬದಲಾಯಿಸಿದರು. ನೋವಿಲ್ಲ ಎಂದು ಅವಳೇ ಹೇಳಿದಳು. ಮುಖ ದಿನದಿಂದ ದಿನಕ್ಕೆ ಇಳಿಯಿತು. ಹಾಗಾದರೆ ಹಾಸಿಗೆಯಲ್ಲೇ ಏನೋ ಐಬಿದೆ ಎಂದು ಮಗಳಿಗೆ ಖಾತ್ರಿಯಾಯಿತು. ಯಾವ ಮೂಲೆ ಹೇಳಮ್ಮ, ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಕೇಳಿದರೆ ಅಮ್ಮನದು ಒಂದೇ ಉತ್ತರ, ಚೆನ್ನಾಗಿದೆ. ಬೆಳಿಗ್ಗೆ ಕೇಳಿದರೂ ಚೆನ್ನಾಗಿದೆ, ಸಂಜೆ ಕೇಳಿದರೂ ಚೆನ್ನಾಗಿದೆ. ಯಾವ ಮಾತಿಗಾಗಿ ಅಷ್ಟು ವರ್ಷ ಕಿವಿ ನೆಟ್ಟಗೆ ಮಾಡಿಕೊಂಡು ಕಾದಿದ್ದಳೋ ಅದು ಈಗ ದಿನಕ್ಕೆ ಎಷ್ಟು ಬೇಕಾದರೂ ಸಿಗುತ್ತಿತ್ತು, ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳ ತಾಳ್ಮೆ ಕಡಿದುಹೋಯಿತು. ಅಂಗಡಿಯಿಂದ ದೊಡ್ಡ ಕತ್ತರಿ ತಂದು ಮಂಚದ ಪಕ್ಕ ನಿಂತಳು.

"ಬಿಚ್ಚು ಅನ್ನಮ್ಮ. ಒಂದೇ ಒಂದ್ಸಲ ಬಿಚ್ಚು ಅಂದ್ಬಿಡು, ಈಗಲೇ ಬಿಚ್ತೀನಿ."

"ಯಾಕೆ ಬಿಚ್ತೀಯ? ಇದಕ್ಕಿಂತ ಚೆನ್ನಾಗಿ ನಾನೂ ಹೊಲೀತಿರ್ಲಿಲ್ಲ."

"ಮತ್ತೆ ಯಾಕೆ ನಿದ್ದೆ ಮಾಡ್ತಿಲ್ಲ?"

ಹಾಸಿಗೆಯಮ್ಮ ಸೂರು ನೋಡುತ್ತ ಮಲಗಿದ್ದಳು. ಹೇಳುವುದೋ ಬೇಡವೋ ಎಂದು ಅಳೆದೂ ಸುರಿದೂ ಕೊನೆಗೆ ಬಾಯಿಬಿಟ್ಟಳು.

"ಆ ಕಡೆ ನಿನ್ನ ಗುಳಿ ಇತ್ತು. ನೀನು ಮದುವೆಯಾಗಿ ಹೋದ್ಮೇಲೂ ಇತ್ತು. ನಿನ್ನ ಮಗಳೂ ಅದರಲ್ಲೇ ಮಲಗಿದ್ದು. ಕೈ ಹಾಕಿದ್ರೆ ಸಿಗ್ತಿತ್ತು, ನಿದ್ದೆ ಬರ್ತಿತ್ತು. ಈಗ ಎಲ್ಲಾ ಒಂದೇ ಸಮ ಇದೆ."

ಮಗಳು ಗೋಡೆಯ ಕಡೆ ನೋಡಿದಳು. ಅಂಗೈ ಅಡಿಯಲ್ಲಿ ಆ ಗುಳಿಯನ್ನು ತಾನೇ ಮುಟ್ಟಿದ್ದಳು, ಹತ್ತಿ ಸತ್ತಿದೆ ಎಂದು ತಾನೇ ಹೇಳಿದ್ದಳು. ಬೀದಿಯ ಹಾಸಿಗೆಗಳನ್ನೆಲ್ಲ ಕಣ್ಣುಮುಚ್ಚಿ ಓದುವವಳಿಗೆ ತನ್ನ ಮೈಯ ಗುರುತು ತಿಳಿದಿರಲಿಲ್ಲ.

"ಇಷ್ಟು ವರ್ಷ ಹೇಳ್ಬಾರದಿತ್ತಾ ಅಮ್ಮ?"

"ಇದೆಲ್ಲ ಹೇಳೋ ಮಾತಾ?" ಎಂದಳು ಹಾಸಿಗೆಯಮ್ಮ, ಸಿಟ್ಟಿನಿಂದಲೇ. ಆಮೇಲೆ ಅಂದಳು: "ಕತ್ತರಿ ಕೆಳಗಿಡು. ಬಂದು ಮಲಗು. ಹೊಸ ಹತ್ತಿ, ಬೇಗ ಕೂರಲ್ಲ ಅದು."

ಮಗಳು ಮಂಚದ ಕಾಲ್ದೆಸೆಯಿಂದ ಹತ್ತಿ, ಅಮ್ಮನ ಸೊಂಟಕ್ಕೆ ತಾಗದಂತೆ ಉಸಿರು ಬಿಗಿಹಿಡಿದು, ಗೋಡೆಯ ಕಡೆ ಮೈ ಚೆಲ್ಲಿದಳು. ಐವತ್ತು ದಾಟಿದ ಮೈ, ಮಂಚ ಕಿರುಗುಟ್ಟಿತು. ಒದೆಯಬೇಡ ಎಂದು ಹಾಸಿಗೆಯಮ್ಮ ಎಚ್ಚರಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ಬಂದು ಮಗಳ ಬೆನ್ನ ಮೇಲೆ ಕೂತಿತು, ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಹೊರಗೆ ಯಾರೋ ಗಿರಾಕಿ ಕರೆದು ಕರೆದು ಹೋದರು.

ಅಂದಿನಿಂದ ಮಗಳು ದಿನವೂ ಅಲ್ಲೇ ಮಲಗಿದಳು. ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವುದೂ ಶುರುವಾಯಿತು. ಮಲಗುವುದೂ ನನ್ನ ಕೆಲಸವೇ ಎಂದು ಗಂಡನಿಗೆ ಹೇಳಿ, ಅವನ ಊಟದ ವ್ಯವಸ್ಥೆಯನ್ನು ಅವನಿಗೇ ಬಿಟ್ಟಳು. ಹಾಸಿಗೆಯಮ್ಮ ನಡೆಯಲಿಲ್ಲ. ಆದರೆ ಚೆನ್ನಾಗಿ ನಿದ್ದೆ ಮಾಡಿದಳು, ಬೈದಳು, ದಾರ ಪೋಣಿಸಿಕೊಟ್ಟಳು, ಮಗಳ ಹೊಲಿಗೆಗೆ ಮತ್ತೆ "ಇರಲಿ ಬಿಡು" ಅನ್ನುವಷ್ಟು ಚೇತರಿಸಿಕೊಂಡಳು. ಒಂದು ಮಳೆಗಾಲ ಕಳೆಯಿತು, ಒಂದು ಚಳಿ ಕಳೆಯಿತು. ಬಿಸಿಲು ಬರುವ ಹೊತ್ತಿಗೆ, ಒಂದು ಬೆಳಿಗ್ಗೆ, ಮಗಳ ಬೆನ್ನ ಮೇಲಿನ ಕೈ ತಣ್ಣಗಾಗಿತ್ತು.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಮಗಳು ಹಾಸಿಗೆಯನ್ನು ಬಿಸಿಲಿಗೆ ಹಾಕಲು ಮಾಳಿಗೆಗೆ ಹೊತ್ತು ಹರಡಿದಳು. ಅಂಗೈಯಿಟ್ಟು ಒತ್ತಿ ನೋಡಿದಳು. ಗೋಡೆಯ ಕಡೆ ಒಂದು ಗುಳಿ ಬಿದ್ದಿತ್ತು, ಸ್ಪಷ್ಟವಾಗಿ, ಆಳವಾಗಿ. ಬಾಗಿಲ ಕಡೆ ಏನೂ ಇರಲಿಲ್ಲ. ಕೊನೆಕೊನೆಗೆ ಅಮ್ಮ ಅಷ್ಟು ಹಗುರಾಗಿದ್ದಳು, ಹತ್ತಿಗೆ ಅವಳು ಮಲಗಿದ್ದೇ ಗೊತ್ತಾಗಿರಲಿಲ್ಲ.